ನಮ್ಮ ಡೀಸೆಲ್ ಗಾಡಿಗೆ ಹದಿನೈದು ತುಂಬಿದಾಗ

ಒಲೆಯ ಮುಂದೆ ನಿಂತಿದ್ದರೂ ಹಾಲು ಉಕ್ಕುತ್ತದಲ್ಲ, ನನ್ನ ಬಾಳಿನಲ್ಲಿ ಗಾಡಿಯ ಮಾತು ಹಾಗೆ. ಇವತ್ತು ಬಾಯಿ ತೆರೆಯಬಾರದು ಅಂದುಕೊಂಡೇ ಮನೆಯಿಂದ ಹೊರಟಿರುತ್ತೇನೆ. ಅಷ್ಟರಲ್ಲಿ ಯಾರೋ ಒಬ್ಬರು "ಮೈಲೇಜ್ ಎಷ್ಟ್ ಕೊಡ್ತದ್ರಿ?" ಅನ್ನುತ್ತಾರೆ. ಮುಗಿಯಿತು. ನಾನು ಏನೋ ಹೇಳುತ್ತೇನೆ, ಅವರು ಏನೋ ತಿಳಿಯುತ್ತಾರೆ, ಒಂದು ವಾರದೊಳಗೆ ಏನೋ ಆಗಿರುತ್ತದೆ.

ನಾನು ಸುರಪುರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಶಹಾಪುರದಲ್ಲಿ. ದಿನಾ ಹೋಗಿ ಬರುವುದು ನನ್ನ ಸಣ್ಣ ಡೀಸೆಲ್ ಕಾರಿನಲ್ಲಿ. ಕಾರು ನನ್ನ ಹೆಸರಿನಲ್ಲಿದೆ, ಓಡಿಸುವವಳು ನಾನು, ಅದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವಳೂ ನಾನೇ. ನಮ್ಮ ಯಜಮಾನರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅವರ ಲೆಕ್ಕದಲ್ಲಿ ಕಾರೆಂದರೆ ಒಂದು ಕುರ್ಚಿ. ಅದರಲ್ಲಿ ಕೂತು ನಿದ್ದೆ ಮಾಡಿ ಎದ್ದರೆ ಊರು ಬಂದಿರುತ್ತದೆ.

ಹೋದ ವರ್ಷ ಆ ಕಾರಿಗೆ ಹದಿನಾಲ್ಕು ತುಂಬಿ ಹದಿನೈದು ನಡೆಯುತ್ತಿತ್ತು. ಹದಿನೈದು ತುಂಬಿದ ಗಾಡಿಯನ್ನು ಯಾದಗಿರಿಯ ಆರ್‌ಟಿಓ ಆಫೀಸಿಗೆ ಒಯ್ದು ತೋರಿಸಬೇಕು. ಪಾಸಾದರೆ ಇನ್ನೈದು ವರ್ಷ ರಸ್ತೆಯ ಮೇಲೆ. ಇಲ್ಲವಾದರೆ ಗುಜರಿ.

"ಹೋದ್ರ ಹೋಗ್ಲಿ, ಹೊಸಾದ್ ತೊಗೊಳ್ಳೋಣಂತ" ಎಂದರು ಯಜಮಾನರು, ಬಕೆಟ್ಟು ಒಡೆದಾಗ ಹೇಳುವ ಧಾಟಿಯಲ್ಲಿ.

ಹೊಸದು ಎಲ್ಲಿಂದ ತರುವುದು? ಸಣ್ಣ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸುವುದನ್ನು ಕಂಪನಿಗಳು ಒಂದರ ಹಿಂದೊಂದು ಬಿಟ್ಟುಬಿಟ್ಟಿವೆ. ಈಗ ಶೋರೂಮಿಗೆ ಹೋದರೆ ಎಂಜಿನ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಮೊದಲು ಟಿವಿ ತೋರಿಸುತ್ತಾರೆ. ಡ್ಯಾಶ್‌ಬೋರ್ಡಿನ ತುಂಬ ಟಿವಿ. ಆಮೇಲೆ ಮಾಡಿನಲ್ಲಿ ಒಂದು ಕಿಟಕಿ ತೆರೆದು ತೋರಿಸುತ್ತಾರೆ. ಮೇ ತಿಂಗಳ ಯಾದಗಿರಿಯಲ್ಲಿ ನೆತ್ತಿಯ ಮೇಲೆ ಕಿಟಕಿ ಬೇಕು ಅಂತ ಯಾರು ಕೇಳಿದ್ದರೋ ನನಗೆ ತಿಳಿಯದು. ನನ್ನ ಗಾಡಿಯಲ್ಲಿ ಟಿವಿ ಇಲ್ಲ. ಆದರೆ ಐವರನ್ನು ಕೂರಿಸಿಕೊಂಡು ಸುರಪುರದ ಏರು ಹತ್ತುವಾಗ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಬೇಕಾಗಿಲ್ಲ. ಲೀಟರಿಗೆ ಇಪ್ಪತ್ತು ಕೊಡುತ್ತದೆ. ಇಂಥದ್ದನ್ನು ಗುಜರಿಗೆ ಹಾಕು ಅಂದರೆ ಹೇಗೆ?

ಆ ಒಂದು ವರ್ಷದಲ್ಲಿ ಆದದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಂಡಕ್ಟರ್ ಕೊಟ್ಟ ಮೈಲೇಜ್

ನಮ್ಮ ಕಾಲೇಜಿನ ಇತಿಹಾಸದ ಸರ್ ಕೂಡ ಶಹಾಪುರದವರೇ. ಅವರದೊಂದು ಹಳೆಯ ಪೆಟ್ರೋಲ್ ಕಾರಿದೆ. ಬಾನೆಟ್ಟು ಹಾರಿ ಏಳದಂತೆ ಅದಕ್ಕೆ ಹಗ್ಗ ಕಟ್ಟಿರುತ್ತಾರೆ. ನನ್ನ ಗಾಡಿಯ ವಯಸ್ಸಿನ ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿದ ದಿನ ಅವರು ತಮ್ಮ ಡಬ್ಬಿ ಎತ್ತಿಕೊಂಡು ನನ್ನ ಪಕ್ಕಕ್ಕೇ ಊಟಕ್ಕೆ ಬಂದು ಕೂತರು.

"ಮೇಡಂ, ನಿಮ್ದನ್ನ ಗುಜರಿಗೆ ಹಾಕ್ರಿ. ನಂದು ತೊಗೋರಿ."

"ನಿಮ್ದೂ ಅದ ವಯಸ್ಸಿಂದಲ್ರಿ ಸರ್."

"ವಯಸ್ಸು ಬಿಡ್ರಿ. ಮೈಲೇಜ್ ಕೇಳ್ರಿ. ಇಪ್ಪತ್ತೇಳು."

ಪೆಟ್ರೋಲು. ಇಪ್ಪತ್ತೇಳು. ಹಗ್ಗ ಕಟ್ಟಿದ ಗಾಡಿ. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಟ್ಯಾಂಕ್ ಬಾಯಿ ತನಕ ತುಂಬಿಸಿ ನೋಡಿದ್ದೀರಾ ಅಂತ ಕೇಳಿದೆ. ತುಂಬಿಸಿ ನೋಡೇನಿ ಅಂದರು. ಒಂದೇ ಬಂಕಿನಲ್ಲಾ ಅಂದೆ. ಒಂದೇ ಬಂಕು, ಒಂದೇ ಪೈಪು ಅಂದರು. ಎಷ್ಟು ಸಲ ಅಂದೆ. ನಾಲ್ಕು ಸಲ, ನಾಲ್ಕೂ ಸಲ ಇಪ್ಪತ್ತೇಳು ಅಂದರು. ಅಳತೆಯ ವಿಧಾನದಲ್ಲಿ ಒಂದು ತಪ್ಪಿಲ್ಲ.

ಎರಡು ದಿನ ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಭೌತಶಾಸ್ತ್ರವೇ ಸುಳ್ಳೋ, ಅಥವಾ ಆ ಕಂಪನಿಯವರು ನಮ್ಮ ಇತಿಹಾಸದ ಸರಿಗೆ ಮಾತ್ರ ಬೇರೆ ಎಂಜಿನ್ ಕೊಟ್ಟಿದ್ದಾರೋ ತಿಳಿಯಲಿಲ್ಲ.

ಮೂರನೆಯ ದಿನ ನನ್ನ ಗಾಡಿ ಸರ್ವಿಸಿಗೆ ಹೋಗಿತ್ತು. ಅವರ ಗಾಡಿಯಲ್ಲೇ ಹೊರಟೆ. ಶಹಾಪುರ ದಾಟಿದ ಮೇಲೆ ಮೀಟರ್ ಕಡೆ ಕಣ್ಣು ಹೋಯಿತು. ಗಾಡಿ ಓಡುತ್ತಿದೆ, ಮುಳ್ಳು ಸೊನ್ನೆಯ ಮೇಲೆ ಮಲಗಿದೆ. ಕಿಲೋಮೀಟರಿನ ಅಂಕಿಯೂ ಅಲ್ಲಾಡುತ್ತಿಲ್ಲ.

"ಸರ್, ಇದು ನಿಂತದಲ್ರಿ?"

"ಮೂರ್ ವರ್ಷಾತ್ರಿ ನಿಂತು."

"ಮತ್ತ ಎಷ್ಟ್ ಓಡ್ಯದ ಅಂತ ಹೆಂಗ ತಿಳೀತದ್ರಿ?"

"ಕಂಡಕ್ಟರ್‌ನ್ನ ಕೇಳೇನ್ರಿ. ಶಹಾಪುರದಿಂದ ಸುರಪುರಕ್ಕ ಎಷ್ಟಪಾ ಅಂದೆ. ಮೂವತ್ತೇಳು ಅಂದ. ದಿನಾ ಅದ ರೂಟಿನಾಗ ಇರಾಂವ, ಅವಗ ಗೊತ್ತಿಲ್ಲದ ಮತ್ಯಾರಿಗ್ ಗೊತ್ತಿರ್ತದ?"

ನನ್ನ ಮೀಟರಿನಲ್ಲಿ ಆ ದಾರಿ ದಿನಾ ಇಪ್ಪತ್ತಾರು ತೋರಿಸುತ್ತದೆ. ಯಾವ ಬಸ್ಸಿನ ಕಂಡಕ್ಟರ್ ಅಂತ ಕೇಳಿದೆ.

"ಸಗರದ ಮ್ಯಾಲ ಹೋಗ್ತದಲ್ರಿ, ಆ ಬಸ್ಸು."

ಆ ಬಸ್ಸು ಸಗರದೊಳಗೆ ಹೋಗಿ, ಅಲ್ಲಿ ಹಾಲಿನ ಕ್ಯಾನು ಹತ್ತಿಸಿಕೊಂಡು, ಮತ್ತೆರಡು ಹಳ್ಳಿಗೆ ಮುಖ ತೋರಿಸಿ, ಆಮೇಲೆ ಸುರಪುರದ ದಾರಿ ಹಿಡಿಯುತ್ತದೆ. ಸರ್ ನೆಟ್ಟಗೆ ಬರುತ್ತಾರೆ. ಅಲ್ಲೇ ಗಾಜಿನ ಮೇಲಿನ ಧೂಳಿನಲ್ಲಿ ಬೆರಳಿಂದ ಭಾಗಾಕಾರ ಮಾಡಿ ತೋರಿಸಿದೆ. ಹತ್ತೊಂಬತ್ತು ಬಂತು.

ಸರ್ ಆ ಲೆಕ್ಕವನ್ನು ಕರವಸ್ತ್ರದಿಂದ ಒರೆಸಿ ಹಾಕಿದರು. ಕಾಲೇಜಿನ ಗೇಟು ಕಂಡಾಗ ಒಂದು ನಿರ್ಧಾರಕ್ಕೆ ಬಂದವರಂತೆ ಅಂದರು: "ಹಂಗಾದ್ರ ನಾಳಿಂದ ನಾನೂ ಸಗರದ ಮ್ಯಾಲ ಬರ್ತೀನಿ ಬಿಡ್ರಿ ಮೇಡಂ. ಇಪ್ಪತ್ತೇಳು ಅಂತ ಎಲ್ಲಾರ ಮುಂದ ಹೇಳಿಬಿಟ್ಟೇನಿ."

ರುಮಾಲಿಗೆ ತಕ್ಕ ಗಾಡಿ

ರಾಮಸಮುದ್ರದಲ್ಲಿ ಯಜಮಾನರ ದೊಡ್ಡಪ್ಪನ ಮಗ ಇದ್ದಾರೆ, ನನಗೆ ಭಾವ. ಆ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು, ಕಾರು ಕೊಳ್ಳುವ ಮನಸ್ಸಾಗಿತ್ತು. ಸಲಹೆ ಕೇಳಲು ನಮ್ಮ ಮನೆಗೆ ಬಂದರು. ಈ ಮನೆಯಲ್ಲಿ ಗಾಡಿಯ ಬಗ್ಗೆ ತಿಳಿದವರು ಇದ್ದಾರೆ ಅನ್ನುವಷ್ಟು ಅವರಿಗೆ ಗೊತ್ತಿತ್ತು. ಯಾರು ಅನ್ನುವುದು ಗೊತ್ತಿರಲಿಲ್ಲ.

ನಮ್ಮ ಕಡೆಯ ಹಳಬರಲ್ಲಿ ಭಾವನಾದವನು ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವುದಿಲ್ಲ. ಈಗಿನವರೆಲ್ಲ ಬಿಟ್ಟಿದ್ದಾರೆ, ಇವರು ಬಿಟ್ಟಿಲ್ಲ. ಹಾಗಾಗಿ ಅವರು ಪಡಸಾಲೆಯಲ್ಲಿ ಕೂತು ಯಜಮಾನರನ್ನು ಕೇಳಿದರು, ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಯಜಮಾನರಿಗೆ ಹೇಳಿದೆ.

"ತಮ್ಮಾ, ಯಾವ್ ಗಾಡಿ ಛಲೋ?"

"ಯಾವ್ ಗಾಡಿ ಛಲೋ ಅಂತ" ಎಂದರು ಯಜಮಾನರು ಒಳಗೆ ಮುಖ ಮಾಡಿ. ನಡುವೆ ಇದ್ದದ್ದು ಒಂದು ಪರದೆ ಮಾತ್ರ.

"ತಿಂಗಳಿಗ್ ಎಷ್ಟ್ ಓಡಿಸ್ತಾರ ಅಂತ ಕೇಳ್ರಿ."

"ವಾರಕ್ಕೊಮ್ಮಿ ಯಾದಗಿರಿ, ಯಾವಾಗರ ಒಮ್ಮಿ ನಾರಾಯಣಪುರ ಡ್ಯಾಮು" ಎಂದರು ಭಾವ ಪರದೆಗೆ.

ಅಷ್ಟು ಸಾಕಿತ್ತು. ಇಷ್ಟು ಕಡಿಮೆ ಓಡಿಸುವವರಿಗೆ ಡೀಸೆಲ್ ಬೇಡ, ಹೊಗೆಯ ಕೊಳವೆಯಲ್ಲಿ ಕೂರಿಸಿರುವ ಜಾಲರಿ ಮಸಿ ಕಟ್ಟಿಕೊಂಡು ಕೂರುತ್ತದೆ ಅಂದೆ. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಡುಗುತ್ತದೆ, ನಾಲ್ಕಿನದು ನೋಡಿ ಅಂದೆ. ಜಪಾನಿನವರ ಗಾಡಿ ಎಣ್ಣೆಯನ್ನು ಮೂಸಿ ನೋಡಿ ಓಡುತ್ತದೆ, ಆದರೆ ಬಾಗಿಲು ಹಾಕಿದರೆ ಬಿಸ್ಕೀಟಿನ ಡಬ್ಬಿಯ ಸದ್ದು ಬರುತ್ತದೆ ಅಂದೆ. ನಮ್ಮ ದೇಶದವರ ಗಾಡಿ ಭಾರ, ರಸ್ತೆ ಹಿಡಿದುಕೊಂಡು ಹೋಗುತ್ತದೆ, ಬಾಗಿಲು ಖಜಾನೆಯ ಬಾಗಿಲಿನ ಹಾಗೆ ಗಟ್ಟಿ, ಆದರೆ ಮಳೆಗಾಲದಲ್ಲಿ ಅದರ ಸಂದಿಯಿಂದ ನೀರು ಬಂದರೆ ನನ್ನನ್ನು ಬೈಯಬಾರದು ಅಂದೆ. ಕೊರಿಯಾದವರದು ಮದುವೆಮನೆಯ ಹಾಗೆ, ಒಳಗೆ ಹೋದವರಿಗೆ ಬಿಲ್ಲು ಬರುವ ತನಕ ಸಂತೋಷ ಅಂದೆ. ಏಳು ರೊಟ್ಟಿ ಆಗುವಷ್ಟು ಹೊತ್ತು ಮಾತಾಡಿದೆ.

ಯಜಮಾನರು ಎಲ್ಲವನ್ನೂ ಕೇಳಿ, ಪಡಸಾಲೆಯ ಕಡೆ ತಿರುಗಿ, "ಪೆಟ್ರೋಲ್ ತೊಗೋ ಅಣ್ಣಾ" ಅಂದರು.

"ನೋಡು" ಎಂದರು ಭಾವ ಮೆಚ್ಚಿ, "ಒಂದ ಮಾತಿನಾಗ ಹೇಳಿಬಿಟ್ಟಿ."

ಮುಂದಿನ ವಾರ ಎಲ್ಲರೂ ಶೋರೂಮಿಗೆ ಹೋದೆವು. ಜೊತೆಗೆ ದೊಡ್ಡಪ್ಪನವರೂ ಬಂದರು. ಅವರ ತಲೆಯ ಮೇಲೆ ಒಂದು ರುಮಾಲಿರುತ್ತದೆ, ಬಿಚ್ಚಿದರೆ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಂಥದ್ದು. ಅವರು ಯಾವ ಗಾಡಿಯ ಮುಂದೆಯೂ ನಿಂತು ನೋಡಲಿಲ್ಲ. ನೇರ ಬಾಗಿಲು ತೆಗೆಸಿ ಒಳಗೆ ಕೂರುವರು, ಕತ್ತು ನೆಟ್ಟಗೆ ಮಾಡುವರು, "ಮುಟ್ಟತದ" ಅಂದು ಇಳಿಯುವರು. ಹೀಗೆ ನಾಲ್ಕು ಗಾಡಿ ಆದವು.

ಶೋರೂಮಿನ ಮಾರಾಟದವಳು ಬುದ್ಧಿವಂತೆ. "ಅಜ್ಜಾರ, ಇದರಾಗ ಆರು ಏರ್‌ಬ್ಯಾಗ್ ಅವರಿ" ಅಂದಳು.

"ತಲಿ ಮ್ಯಾಲ ಜಾಗ ಎಷ್ಟದ, ಅದನ್ನ ಹೇಳವ್ವ."

"ಒಳಗ ಕುಂತಾಗ ರುಮಾಲ ತಗದು ತೊಡಿ ಮ್ಯಾಲ ಇಟ್ಕೊಂಡ್ರ ಆತಲ್ರಿ."

ಶೋರೂಮಿನ ಎಸಿ ಆಗ ಸ್ವಲ್ಪ ಹೆಚ್ಚಾದ ಹಾಗೆ ನನಗನಿಸಿತು. ದೊಡ್ಡಪ್ಪ ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ನಾ ಗಾಡಿ ತೊಗೊಳಾಕ ಬಂದೇನಿ ತಾಯಿ, ಮರ್ಯಾದಿ ಬಿಟ್ಟು ಹೋಗಾಕ ಬಂದಿಲ್ಲ" ಅಂದರು.

ಐದನೆಯದು ಪೆಟ್ಟಿಗೆಯ ಆಕಾರದ ಎತ್ತರದ ಗಾಡಿ. ಕೂತರು. ಕತ್ತು ನೆಟ್ಟಗೆ ಮಾಡಿದರು. ರುಮಾಲಿಗೂ ಮಾಡಿಗೂ ನಡುವೆ ನಾಲ್ಕು ಬೆರಳು ಹಿಡಿಸಿತು. ಅಲ್ಲಿಗೆ ಮುಗಿಯಿತು. ನಾಲ್ಕು ಸಿಲಿಂಡರು, ಪೆಟ್ರೋಲು, ಕಪ್ಪುಮಣ್ಣಿನ ಹೊಲದ ದಾರಿಗೆ ತಕ್ಕ ಎತ್ತರ. ನನ್ನ ಲಿಸ್ಟಿನಲ್ಲೂ ಅದೇ ಮೊದಲಿತ್ತು. ನಾನು ಅಲ್ಲಿಗೆ ಏಳು ರೊಟ್ಟಿಯ ದಾರಿಯಲ್ಲಿ ಹೋಗಿದ್ದೆ, ಅಷ್ಟೇ.

ತಿಂಗಳ ಮೇಲೆ ಭಾವ ಫೋನ್ ಮಾಡಿದರು. ಗಾಡಿ ಬಹಳ ಛಲೋ ಅದ, ಲೀಟರಿಗೆ ಹದಿನೇಳು ಕೊಡ್ತದ, ತಮ್ಮಾ, ನಿನ್ನ ಮಾತು ಕೇಳಿದ್ದು ಬೇಷಾತು ಅಂದರು. ಸ್ಪೀಕರಿನಲ್ಲಿತ್ತು, ನಾನು ಎದುರಿಗೇ ಕೂತಿದ್ದೆ. ಯಜಮಾನರು ನನ್ನ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಇರ್ಲಿ ಬಿಡಣ್ಣಾ" ಅಂದರು. "ಇಷ್ಟ್ ವರ್ಷದ ಅನುಭವ."

ಸದ್ದಿಲ್ಲದ ಗಾಡಿಯ ಸಮಾಚಾರ

ಆ ಫೋನಿನ ನಂತರ ಯಜಮಾನರಿಗೂ ಅಭಿಪ್ರಾಯಗಳು ಶುರುವಾದವು. "ಡೀಸೆಲ್ ಕಾಲ ಮುಗೀತು. ನಿನ್ನ ಡಬ್ಬಿ ಗುಜರಿಗೆ ಹಾಕಿ ಚಾಚಾರ ಹಂಗ ಕರೆಂಟಿನ ಗಾಡಿ ತೊಗೊಳ್ಳೋಣು."

ಚಾಚಾ ಅಂದರೆ ನಮ್ಮ ಪಕ್ಕದ ಮನೆಯವರು, ಬಜಾರದಲ್ಲಿ ಬಟ್ಟೆ ಅಂಗಡಿ. ಓಣಿಯಲ್ಲಿ ಮೊದಲ ಎಲೆಕ್ಟ್ರಿಕ್ ಕಾರು ಅವರದೇ. ಅದರ ಮೇಲೆ ನನಗೆ ದ್ವೇಷವೇನಿಲ್ಲ. ಒಮ್ಮೆ ಓಡಿಸಿ ನೋಡಿದ್ದೆ. ಕಾಲಿಟ್ಟರೆ ಸಾಕು, ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದೆ ಹೋಗುತ್ತದೆ. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಂತೂ ಇಲ್ಲವೇ ಇಲ್ಲ.

ಚಾಚಾರ ಕಷ್ಟ ಆ ಸದ್ದಿಲ್ಲದ್ದರಿಂದಲೇ. ಬಜಾರದ ದಾರಿಯ ನಡುವೆ ದನಗಳು ಮಲಗಿರುತ್ತವೆ. ಹಾರ್ನಿಗೆ ಅವು ಕಿವಿ ಕೊಡುವುದನ್ನು ಬಿಟ್ಟು ಯಾವ ಕಾಲವಾಯಿತೋ. ಎಂಜಿನ್ನಿನ ಸದ್ದು ಹತ್ತಿರ ಬಂದರೆ ಮಾತ್ರ ಏಳುತ್ತವೆ. ಇವರ ಗಾಡಿಗೆ ಎಂಜಿನ್ನೇ ಇಲ್ಲ. ಪ್ರತಿ ಸಲ ಚಾಚಾ ಇಳಿದು, ದನ ಎಬ್ಬಿಸಿ, ಮತ್ತೆ ಹತ್ತಿ ಕೂರಬೇಕು.

"ಬೇಟಿ, ಏನರ ಉಪಾಯ ಹೇಳ್" ಅಂದರು ನನಗೆ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಾನು, ಹೊರದೇಶದ ಕಂಪನಿಗಳು ಇಂಥ ಗಾಡಿಗಳಿಗೆ ಬೇಕೆಂದೇ ಒಂದು ಸದ್ದು ಕೂರಿಸುತ್ತವೆ ಚಾಚಾ, ನೀವೂ ಏನಾದರೂ ಸದ್ದು ಮಾಡಿಕೊಳ್ಳಿ ಅಂದೆ.

ಮರುದಿನವೇ ಚಾಚಾ ಸಂತೆಯಿಂದ ಜಾನುವಾರುಗಳ ಕೊರಳಿಗೆ ಕಟ್ಟುವ ಒಂದು ಹಿತ್ತಾಳೆ ಗಂಟೆ ತಂದು ಮುಂದಿನ ಬಂಪರಿನ ಕೆಳಗೆ ಕಟ್ಟಿದರು. ಎಂಥ ಉಪಾಯ ನೋಡಿ, ಗಾಡಿ ಅಲ್ಲಾಡಿದರೆ ಗಂಟೆ ಅಲ್ಲಾಡುತ್ತದೆ, ದನಗಳು ಎದ್ದು ದಾರಿ ಬಿಡುತ್ತವೆ. ಒಂದು ವಾರ ಚಾಚಾರ ನಡಿಗೆಯೇ ಬದಲಾಗಿತ್ತು.

ಎರಡನೆಯ ವಾರ ಅಂಗಡಿಯ ಮುಂದೆ ಗದ್ದಲ. ಹೋಗಿ ನೋಡಿದರೆ ಚಾಚಾ ಕಾರಿನಿಂದ ಇಳಿಯದೆ ಒಳಗೇ ಕೂತಿದ್ದಾರೆ, ಸುತ್ತ ಆಡುಗಳು. ಆಡು ಕಾಯುವವರು ಹಿಂಡಿನ ಮುಂದಾಳಿನ ಕೊರಳಿಗೆ ಗಂಟೆ ಕಟ್ಟುತ್ತಾರಲ್ಲ, ಉಳಿದವು ಆ ಸದ್ದಿನ ಹಿಂದೆ ಹೋಗುತ್ತವೆ. ಊರ ಹೊರಗಿನ ಬಯಲಿನಿಂದ ಬಜಾರದ ತನಕ ಅವೆಲ್ಲ ಇವರನ್ನೇ ಮುಂದಾಳು ಅಂದುಕೊಂಡು ಬಂದಿವೆ. ಆಡಿನ ಯಜಮಾನ ಬೆವರುತ್ತ ಓಡಿ ಬಂದು, "ಸಾವಕಾರ್ರ, ನನ್ನ ಆಡು ಎಲ್ಲಿಗ್ ಹೊಡಕೊಂಡ್ ಹೊಂಟೀರಿ?" ಅಂತ ಜಗಳಕ್ಕೇ ನಿಂತ.

ಯಜಮಾನರಿಗೆ ಇದೆಲ್ಲ ಗೊತ್ತಿರಲಿಲ್ಲ. ಸಂಜೆ ಚಾಚಾರ ಕಟ್ಟೆಗೆ ಹೋಗಿ ಗಂಭೀರವಾಗಿ ಕೇಳಿದರು: "ಚಾಚಾ, ಒಂದ್ ಸಲ ಚಾರ್ಜ್ ಮಾಡಿದ್ರ ಎಷ್ಟ್ ಬರ್ತದ್ರಿ?"

ಚಾಚಾ ಗಡ್ಡ ಸವರಿಕೊಂಡು ಯೋಚಿಸಿದರು. "ಇವತ್ತು ಇಪ್ಪತ್ತೆರಡು ಆಡು ಬಂದಾವ."

ಹಿಂದಿನ ಸೀಟಿನ ಗುಟ್ಟು

ಕರೆಂಟಿನ ಮಾತು ಅಲ್ಲಿಗೆ ನಿಂತಿತು. ಆದರೆ ಆರ್‌ಟಿಓ ತಾರೀಖಿಗೆ ಎರಡು ತಿಂಗಳು ಉಳಿದಾಗ ನನ್ನ ಗಾಡಿಯೇ ಕೈಕೊಡಲು ಶುರುಮಾಡಿತು. ಇಪ್ಪತ್ತಿದ್ದ ಮೈಲೇಜು ಹದಿನೆಂಟಾಯಿತು, ಆಮೇಲೆ ಹದಿನೇಳು. ಏರಿನಲ್ಲಿ ಎರಡನೇ ಗೇರು ಕೇಳತೊಡಗಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಹೆದರಿದೆ. ಎಂಜಿನ್ ಸೋತಿದ್ದರೆ ಹೊಗೆಯ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಗುಜರಿಯವನು ಬಂದು ತೂಕ ಹಾಕುವುದೊಂದೇ ಬಾಕಿ.

ಉಸ್ತಾದನ ಬಳಿಗೆ ಒಯ್ದೆ. ನಮ್ಮ ಕಡೆ ಕೈಯಲ್ಲಿ ಹುನ್ನರ ಇರುವ ಮೆಕ್ಯಾನಿಕ್‌ಗೆ ಉಸ್ತಾದ್ ಅನ್ನುತ್ತೇವೆ. ಈ ಉಸ್ತಾದ್ ನನ್ನ ಗಾಡಿಯನ್ನು ಅದು ಬಂದ ವರ್ಷದಿಂದ ಬಲ್ಲ. ನನ್ನನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಾನೆ, ಗಾಡಿಯನ್ನು ಹುಡುಗಿ ಅನ್ನುತ್ತಾನೆ.

"ಹುಡುಗಿಗೆ ದಮ್ಮು ಹತ್ಯದ ಆಪಾ" ಅಂದ ಕಿವಿಗೊಟ್ಟು ಕೇಳಿ.

ಗಾಳಿಯ ಫಿಲ್ಟರ್ ಬದಲಿಸಿದ. ಡೀಸೆಲ್ ಫಿಲ್ಟರ್ ಬದಲಿಸಿದ. ಇಂಜೆಕ್ಟರ್ ಬಿಚ್ಚಿ ತೊಳೆದ. ಬ್ರೇಕು ಎಲ್ಲಿಯಾದರೂ ಹಿಡಿದುಕೊಂಡಿದೆಯಾ ಅಂತ ನಾಲ್ಕೂ ಗಾಲಿ ಎತ್ತಿ ತಿರುಗಿಸಿದ. ಮೈಲೇಜು ಹದಿನೇಳರಿಂದ ಕದಲಲಿಲ್ಲ. ನಾಲ್ಕನೆಯ ಸಲ ಹೋದಾಗ ಉಸ್ತಾದ್ ಕೈ ಒರೆಸಿಕೊಂಡು ನನ್ನ ಕಣ್ಣು ತಪ್ಪಿಸಿ ನಿಂತ. "ವಯಸ್ಸಾತ್ರಿ ಆಪಾ" ಅಂದ.

ಆ ವಾರವೇ ಕಾಲೇಜಿನ ದಾರಿಯಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಮ್ಯಾಟು ಎತ್ತಿದೆ. ಕೆಳಗೆ ಅಚ್ಚುಕಟ್ಟಾಗಿ ಹಾಸಿದ ನಾಲ್ಕು ಶಹಾಬಾದಿ ಫರಸಿ ಕಲ್ಲು. ಒಂದೊಂದನ್ನು ಎತ್ತಲು ಇಬ್ಬರು ದಾರಿಹೋಕರನ್ನು ಕರೆಯಬೇಕಾಯಿತು.

ಮನೆಗೆ ಬಂದು ಕೇಳಿದೆ. ಯಜಮಾನರಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ.

"ಹೌದು, ನಾನ ಹಾಕ್ಸೀನಿ. ಹಿಂದ್ ಕುಂತ್ರ ಗಾಡಿ ಜಿಗೀತದ, ನಡಾ ಮುರೀತದ ಅಂತಿದ್ಲು ಅವ್ವ. ಭಾರ ಇದ್ದ ಗಾಡಿ ರೋಡ್ ಹಿಡಕೊಂಡ್ ಹೋಗ್ತದ ಅಂತ ನೀನ ಹೇಳಿದ್ದಿ. ಹಿತ್ತಲಕ್ಕ ಹಾಸಿ ಉಳಿದಿದ್ದು, ಸುಮ್ಮನ್ ಬಿದ್ದಿದ್ದು."

"ಯಾವಾಗ್ ಹೇಳಿದ್ನಿ?"

"ಅಣ್ಣ ಬಂದಾಗ. ಮೂರನೇ ರೊಟ್ಟಿಗೆ."

ಸಿಟ್ಟಾಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ನಗು ಬರುತ್ತಿತ್ತು, ಯಾಕೆಂದರೆ ನನ್ನ ಹುಡುಗಿಗೆ ದಮ್ಮೂ ಇರಲಿಲ್ಲ, ವಯಸ್ಸೂ ಆಗಿರಲಿಲ್ಲ. ಪಾಪ, ಅರ್ಧ ಹಿತ್ತಲು ಹೊತ್ತು ಸುರಪುರದ ಏರು ಹತ್ತುತ್ತಿತ್ತು. ಕಲ್ಲು ಇಳಿಸಿದ ವಾರವೇ ಮೈಲೇಜು ಇಪ್ಪತ್ತಕ್ಕೆ ಬಂತು. ಉಸ್ತಾದನಿಗೂ ಫೋನ್ ಮಾಡಿ ಹೇಳಿದೆ.

ಒಪ್ಪದವರು ಅತ್ತೆ ಒಬ್ಬರೇ. ಮುಂದಿನ ಸಲ ಗಾಡಿ ಹತ್ತಿ ಎರಡು ಗುಂಡಿ ದಾಟಿದ ಮೇಲೆ ಅವರೆಂದರು: "ಆ ಕಲ್ಲ ತಿರುಗಿ ಹಾಕ್ಸವ್ವ. ಇಲ್ಲಾಂದ್ರ ಗಾಡಿ ಅಂವ ಹೊಡೀಲಿ, ನೀ ಹಿಂದ್ ಬಂದು ನನ್ ಬಾಜೂಕ ಕೂಡು. ನಾಕ್ ಕಲ್ಲಿಗೆ ನೀ ಒಬ್ಬಾಕಿ ಸಾಕು."

ಕಾಣದ ನಂಬರು

ಆರ್‌ಟಿಓ ತಾರೀಖು ಬಂತು. ಓಡಾಟದಲ್ಲಿ ತಡಮಾಡಿ ಕಡೆಯ ದಿನವನ್ನೇ ಹಿಡಿದಿದ್ದೆವು. ಸಂಜೆಯೊಳಗೆ ಪಾಸಾಗದಿದ್ದರೆ ಗಾಡಿಯ ನೋಂದಣಿಯೇ ಮುಗಿಯುತ್ತದೆ, ಯಾದಗಿರಿಯಿಂದ ಮನೆಗೂ ಅದನ್ನು ಓಡಿಸಿಕೊಂಡು ಬರುವ ಹಾಗಿಲ್ಲ.

"ಎರಡು ದಿನ ಮೊದಲ ನನಗ್ ಕೊಡ್ರಿ ಆಪಾ" ಅಂದಿದ್ದ ಉಸ್ತಾದ್. "ಮದುಮಗಳ ಹಂಗ ಮಾಡಿ ಕೊಡ್ತೀನಿ." ವಯಸ್ಸಾಯಿತು ಅಂದಿದ್ದು ಅವನ ಮನಸ್ಸಿಗೆ ಚುಚ್ಚುತ್ತಿತ್ತು ಅಂತ ಕಾಣುತ್ತದೆ. ಮಾಡಿಯೂ ಕೊಟ್ಟ. ಮೈಗೆ ಪಾಲಿಶ್, ಗಾಲಿಗೆ ಕರಿ ಬಣ್ಣ, ಲೈಟಿನ ಗಾಜು ಹೊಸದರ ಹಾಗೆ. ಬೆಳಿಗ್ಗೆ ತಾನೂ ಜೊತೆಗೆ ಬಂದ. ದಾರಿಯುದ್ದಕ್ಕೂ ನನಗೆ ಒಂದೇ ಮಾತು: "ಆಪಾ, ಸಾಹೇಬ್ರ ಮುಂದ ಕಂಪನಿ ಬಗ್ಗೆ ಏನೂ ಮಾತಾಡಬ್ಯಾಡ್ರಿ. ಮೈಲೇಜ್ ಬಗ್ಗೂ ಬ್ಯಾಡ. ಕೇಳಿದ್ದಕ್ಕಷ್ಟ ಹೌದು, ಅಲ್ಲ ಅನ್ರಿ."

ಬಯಲಿನಲ್ಲಿ ಸಾಲು ಇತ್ತು. ನಮ್ಮ ಹಿಂದೆ ಟ್ರ್ಯಾಕ್ಟರಿನ ಒಬ್ಬ ಹಿರಿಯ ರೈತರು, ಅವರ ಹಿಂದೆ ಆಟೋಗಳು, ಸಾಮಾನು ಸಾಗಿಸುವ ಗಾಡಿಗಳು. ತಪಾಸಣೆಯ ಸಾಹೇಬರು ನಗದ ಮುಖದವರು. ಕಾಗದ ನೋಡಿದರು. ನನ್ನ ಹೆಸರಿನ ಕಾಗದ ಕೈಯಲ್ಲಿ ಹಿಡಿದು ಯಜಮಾನರನ್ನು ಕೇಳಿದರು: "ಮೈಲೇಜ್ ಎಷ್ಟ್ ಕೊಡ್ತದ್ರಿ?"

"ಮೂವತ್ತು" ಅಂದರು ಯಜಮಾನರು.

ಉಸ್ತಾದ್ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

ಲೈಟು ನೋಡಿದರು, ಸರಿ. ಬ್ರೇಕು, ಸರಿ. ಹಾರ್ನು, ಸರಿ. ಎಂಜಿನ್ ಶುರುಮಾಡಿಸಿ ಹೊಗೆ ನೋಡಿದರು. "ಪರವಾಗಿಲ್ಲ, ಛಲೋ ಇಟ್ಟೀರಿ" ಅಂದರು. ನನ್ನ ಎದೆ ಅರ್ಧ ಹಗುರಾಯಿತು. ಆಮೇಲೆ ಬಿಳಿ ಕಾಗದ, ಪೆನ್ಸಿಲ್ ತೆಗೆದರು. ಗಾಡಿಯ ಚಾಸಿಯ ಮೇಲೆ ಕಂಪನಿಯವರು ಕೊರೆದಿರುವ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು. ಅದು ಮನುಷ್ಯರಿಗೆ ಹೆಬ್ಬೆಟ್ಟು ಇದ್ದ ಹಾಗೆ.

"ಬಾನೆಟ್ ತಗೀರಿ."

ಉಸ್ತಾದ್ ಹೆಮ್ಮೆಯಿಂದ ತೆಗೆದ. ಒಳಗೆಲ್ಲ ಕನ್ನಡಿಯ ಹಾಗೆ ಹೊಳೆಯುವ ಕರಿ ಬಣ್ಣ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ, ಒಂದು ಅಂಕಿಯೂ ಇಲ್ಲ.

"ನಂಬರ್ ಎಲ್ಲದ?"

ಉಸ್ತಾದ್ ಬಗ್ಗಿ ನೋಡಿದ. ಬೆರಳಿಂದ ತಡವಿದ. "ಇಲ್ಲೇ ಇತ್ರಿ ಸಾಬ್" ಅಂದ. "ಮೊನ್ನಿತನ ಇತ್ರಿ."

"ಎಷ್ಟ್ ಕೋಟ್ ಹೊಡದೀಪಾ?"

"ಮೂರ್ರಿ."

ಸಾಹೇಬರು ಕಾಗದ ಮಡಚಿದರು. "ಮೇಡಂ, ನಂಬರ್ ಇಲ್ಲದ್ದು ನಮ್ ಲೆಕ್ಕದಾಗ ಗಾಡೀನ ಅಲ್ಲ. ನಾ ಚಹಾ ಕುಡದು ಬರ್ತೀನಿ. ಅಷ್ಟರಾಗ ಕಂಡ್ರ ನೋಡ್ತೀನಿ, ಇಲ್ಲಾಂದ್ರ ಇಲ್ಲ."

ಹದಿನೈದು ವರ್ಷ ಕಾಪಾಡಿದ ಗಾಡಿ ಪ್ರೀತಿ ಹೆಚ್ಚಾಗಿ ಗುಜರಿಗೆ ಹೋಗುವುದರಲ್ಲಿತ್ತು. ಉಸ್ತಾದನನ್ನು ಬೈಯೋಣವೆಂದರೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಯಜಮಾನರು ಓಡಿ ಹೋಗಿ ಥಿನ್ನರ್ ತಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಉಸ್ತಾದ್ ಉಜ್ಜಿದ. ಮೇಲಿನ ಬಣ್ಣ ಹೋಯಿತು, ಕೊರೆದ ಗೆರೆಯೊಳಗಿನದು ಹೋಗಲಿಲ್ಲ. ಕಪ್ಪಿನ ಮೇಲೆ ಕಪ್ಪು. ಕಣ್ಣು ಕಿರಿದು ಮಾಡಿ ನೋಡಿದರೂ ಒಂದು ಏಳು ಬಿಟ್ಟರೆ ಏನೂ ಕಾಣಲಿಲ್ಲ, ಅದೂ ಏಳೋ ಒಂದೋ ಗೊತ್ತಾಗಲಿಲ್ಲ.

ಹಿಂದಿನ ಟ್ರ್ಯಾಕ್ಟರಿನ ಹಿರಿಯರು ಇಳಿದು ಬಂದು ಇಣುಕಿದರು. ಅಂಗಿಯ ಒಳಜೇಬಿನಿಂದ ಬಟ್ಟೆಯ ಗಂಟು ತೆಗೆದು ಒಂದು ವಿಭೂತಿ ಗಟ್ಟಿ ಕೈಗಿಟ್ಟರು. "ಇದನ್ನ ತಿಕ್ಕಿ ಒರಸ್ರಿ. ಗೀರಿನ್ಯಾಗ ಬಿಳಪು ಕುಂದರತದ."

ಭೌತಶಾಸ್ತ್ರದ ನನಗೆ ಅದು ಹೊಳೆದಿರಲಿಲ್ಲ. ಉಸ್ತಾದ್ ಎರಡೂ ಕೈಯಲ್ಲಿ ವಿಭೂತಿ ತೆಗೆದುಕೊಂಡ. ಬಿಸ್ಮಿಲ್ಲಾ ಅಂದು ತಿಕ್ಕಿದ, ಬಟ್ಟೆಯಿಂದ ಒರೆಸಿದ. ಕರಿ ತಗಡಿನ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ಬಾನೆಟ್ಟಿನ ಸುತ್ತ ಸೇರಿದ್ದರು. ಸಾಹೇಬರೂ ಚಹಾದ ಕಪ್ಪಿನೊಂದಿಗೆ ಬಂದರು, ಕನ್ನಡಕ ಮೂಗಿಗಿಳಿಸಿ ಆರ್‌ಸಿ ಹಿಡಿದು ನಿಂತರು. ಉಸ್ತಾದ್ ತಿಕ್ಕಿದ, ಜನ ಓದಿದರು, ಸಾಹೇಬರು ಹೂಂ ಅಂದರು.

"ನಾಕು."

"ಹೂಂ."

"ಸೊನ್ನಿ."

"ಹೂಂ."

ಕಡೆಯ ಅಂಕಿಗೆ ಎಲ್ಲ ನಿಂತಿತು. ಅರ್ಧ ಜನ ಮೂರು ಅಂದರು, ಅರ್ಧ ಜನ ಎಂಟು ಅಂದರು. ಆಟೋದವನೊಬ್ಬ, "ಸಾಹೇಬ್ರ, ನಿಮ್ ಕಾಗದದಾಗ ಏನದ ಅದನ್ನ ಹೇಳಿಬಿಡ್ರಿ, ಅದ ಅದ ಅಂತೀವಿ" ಅಂದ. ಸಾಹೇಬರು ಕಾಗದವನ್ನು ಎದೆಗೆ ಒತ್ತಿಕೊಂಡರು. ಉಸ್ತಾದ್ ಉಗುರಿಗೆ ವಿಭೂತಿ ಹಚ್ಚಿ ಎಡಗಡೆಯ ಗೆರೆಯಲ್ಲಿ ಮೆಲ್ಲಗೆ ಎಳೆದ. ಮೂರರ ಬಾಯಿ ಮುಚ್ಚಿಕೊಂಡು ಎಂಟಾಯಿತು.

"ಎಂಟು" ಅಂದೆ.

"ಹೂಂ" ಅಂದರು ಸಾಹೇಬರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಸಹಿ ಹಾಕಿ, "ಪಾಸ್" ಅಂದು ಒಳಗೆ ಹೋದರು.

ಉಸ್ತಾದ್ ಅಲ್ಲೇ ಬಂಪರಿನ ಮೇಲೆ ಕೂತು ಉಗುರಿನ ವಿಭೂತಿ ಒರೆಸಿಕೊಂಡ. ಯಜಮಾನರು ನನಗೆ ನೀರಿನ ಬಾಟಲಿ ಕೊಟ್ಟರು, ಆಮೇಲೆ ತಾವೇ ಕಸಿದುಕೊಂಡು ಕುಡಿದರು. ನಾನು ಬಾನೆಟ್ಟು ಇಳಿಸಿ ಅದರ ಮೇಲೆ ಕೈಯಿಟ್ಟೆ. ಐದು ವರ್ಷ. ಸುರಪುರದ ಏರು, ಮೂರನೇ ಗೇರು.

ಹೊರಡಬೇಕು ಅನ್ನುವಷ್ಟರಲ್ಲಿ ಸಾಹೇಬರು ಮುಂದಿನ ಗಾಡಿಗೆಂದು ಹೊರಗೆ ಬಂದು ಹಾಗೇ ನಿಂತುಬಿಟ್ಟರು. ಸಾಲಿನ ಉದ್ದಕ್ಕೂ ಬಾನೆಟ್ಟು ತೆಗೆದುಕೊಂಡು ನಿಂತ ಗಾಡಿಗಳು. ವಿಭೂತಿ ಗಟ್ಟಿ ಕೈಯಿಂದ ಕೈಗೆ ಹೋಗಿ ಕಡಲೆಯಷ್ಟಾಗಿತ್ತು. ಟ್ರ್ಯಾಕ್ಟರಿಗೆ ಹಚ್ಚಿದ್ದರು, ಆಟೋಗಳಿಗೆ ಹಚ್ಚಿದ್ದರು, ಎರಡು ವರ್ಷದ ಹೊಸ ಗಾಡಿಗಳಿಗೂ ಬಿಡದೆ ಗಾರೆ ಬಳಿದ ಹಾಗೆ ದಪ್ಪಗೆ ಬಳಿದಿದ್ದರು.

"ಏನಿದು?" ಅಂದರು ಸಾಹೇಬರು.

"ಮೇಡಮ್ಮೋರ ಗಾಡಿ ಹಚ್ಚಿದ್ ಮ್ಯಾಲ ಪಾಸಾತಲ್ರಿ" ಅಂದ ಆಟೋದವನು. "ಅದಕ್ಕ ನಾವೂ ಹಚ್ಚೀವ್ರಿ."

ಸಾಹೇಬರು ಅವನ ಆಟೋದೊಳಗೆ ಬಗ್ಗಿ ನೋಡಿದರು. ಬಿಳಿ ಬಿಟ್ಟು ಬೇರೇನೂ ಇರಲಿಲ್ಲ. "ನಂಬರ್ ಎಲ್ಲದ?"

"ವಿಭೂತಿ ಒಳಗ ಅದ್ರಿ."

ಸಾಹೇಬರು ನೆಟ್ಟಗಾದರು. ಸಾಲನ್ನು ಕೊನೆಯ ತನಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು. "ಮೇಡಂ, ನಿಮ್ ಗಾಡಿ ಪಾಸಾಗ್ಯದ. ಲಗೂನ ತೊಗೊಂಡ್ ಹೋಗ್ರಿ."

"ಐದ್ ವರ್ಷಕ್ಕ ಮತ್ತ ಬರ್ತೀನ್ರಿ ಸರ್" ಅಂದೆ, ಮರ್ಯಾದೆಗೆ.

ಅವರ ಮುಖದಲ್ಲಿ ಆವತ್ತಿನ ಮೊದಲ ನಗೆ ಕಂಡಿತು. "ಬರ್ರಿ ಬರ್ರಿ. ಅಷ್ಟರಾಗ ನಂದು ಟ್ರಾನ್ಸ್‌ಫರ್ ಆಗಿರ್ತದ."